ಮಂಗನಿಗೆ ಕೊಸರು ಬೇಡ

ನಳಿನಾಕ್ಷಿಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಡ. ಲೇಡೀಸ್ ಡಬ್ಬಿಯ ಬಾಗಿಲಿಗೆ ಅಡ್ಡ ನಿಂತು ಮೊಬೈಲ್ ನೋಡುವವರನ್ನು ಕಂಡರೆ ಬರುತ್ತದೆ. ರಿಕ್ಷಾದ ಸಾಲು ಮುರಿದು ನುಗ್ಗುವವರನ್ನು ಕಂಡರೆ ಬರುತ್ತದೆ. ಕಟ್ಟಡದ ಸೆಕ್ರೆಟರಿ ನೀರಿನ ಟಾಕಿ ತೊಳೆಸದೆ ಗಣಪತಿಯ ವರ್ಗಣಿ ದುಡ್ಡು ಮಾತ್ರ ಕೇಳಿಕೊಂಡು ಬಂದಾಗ ಬಂದ ಕೋಪವನ್ನಂತೂ ಆ ಗಲ್ಲಿಯವರು ಇವತ್ತಿಗೂ ನೆನೆಯುತ್ತಾರೆ. ಆ ಮನುಷ್ಯ ಈಗಲೂ ಅವಳ ಮನೆಯ ಬೆಲ್ ಒತ್ತುವುದಿಲ್ಲ, ಏನಿದ್ದರೂ ಬಾಗಿಲಡಿ ತಳ್ಳಿ ಇಳಿದುಬಿಡುತ್ತಾನೆ. "ಈ ಜಾಗಕ್ಕೆ ಕೋಪರಿ ಅಂತ ಹೆಸರಿಟ್ಟದ್ದೇ ನಿನ್ನನ್ನು ನೋಡಿ ಮಾರಾಯ್ತಿ," ಎಂದು ಗಂಡ ದೇಜಪ್ಪ ಚುಡಾಯಿಸುವುದುಂಟು. ಅವನು ಹರೆಯದಿಂದಲೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಗಿರಾಕಿ ಎಷ್ಟು ಕೂಗಾಡಿದರೂ ನಗುತ್ತಲೇ ಚಿಲ್ಲರೆ ಕೊಡುವ ಅಭ್ಯಾಸ. ಆ ನಗು ಕಂಡರೂ ನಳಿನಾಕ್ಷಿಗೆ ಕೋಪ ಬರುತ್ತದೆ.

ಪಡುಬಿದ್ರಿ ಬದಿಯಿಂದ ಮದುವೆಯಾಗಿ ಠಾಣೆ ಪಟ್ಟಣದ ಈ ಕೋಪರಿಗೆ ಬಂದವಳು. ಇಬ್ಬರು ಮಕ್ಕಳು, ರಿತೇಶ್ ಮತ್ತು ತನ್ವಿ. ಮನೆಯಲ್ಲಿ ತುಳು, ಕೆಳಗಿಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಜಾಗವೇ ಉಳಿಯಲಿಲ್ಲ. ಒಂದು ಪುಟವಾದರೂ ಓದಿ ಎಂದು ಗೋಗರೆದರೆ, "ಸಮಝ್ ಮೆ ಆತಾ ಹೈ ನಾ ಅಮ್ಮಾ, ಬಸ್," ಎಂದು ಎದ್ದು ಹೋಗುತ್ತಿದ್ದರು. ಆ ಸಿಟ್ಟಿನಲ್ಲೇ ಅವಳು ಖಾಡಿಯ ಹಿನ್ನೀರು ದಾಟಿ ಕಳವಾಕ್ಕೆ ಹೋಗಿ, ಕನ್ನಡ ಸಂಘದವರು ಚಾಳಿನ ಒಂದು ಖೋಲಿಯಲ್ಲಿ ನಡೆಸುತ್ತಿದ್ದ ಬಾಲವಾಡಿಗೆ ಟೀಚರಾದಳು. ಅಲ್ಲಿಗೆ ಬರುವುದು ವಿಜಯಪುರ, ಕಲಬುರಗಿ ಕಡೆಯ ಕೂಲಿಯವರ ಮಕ್ಕಳು. ಇವಳ ಕನ್ನಡ ಅವರಿಗೆ, ಅವರ ಕನ್ನಡ ಇವಳಿಗೆ ಮೊದಮೊದಲು ಅರ್ಥವಾಗದೆ ಎರಡೂ ಕಡೆ ನಗುವೋ ನಗು. ಆ ಖೋಲಿಯೊಳಗೆ ಮಾತ್ರ ನಳಿನಾಕ್ಷಿಯ ಕೋಪ ಬರುತ್ತಿರಲಿಲ್ಲ. ಚಪ್ಪಲಿಯ ಜೊತೆ ಅದನ್ನೂ ಹೊರಗೆ ಬಿಟ್ಟು ಬರುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ. ಅದು ಅವಳ ಹೆಮ್ಮೆ.

ಲೆಕ್ಕ ಕಲಿಸಲು ಅವಳ ಹತ್ತಿರ ತವರಿನ ಚೆನ್ನೆಮಣೆಯಿತ್ತು. ಹಲಸಿನ ಮರದ ಮಣೆ, ಎರಡು ಸಾಲು ಗುಳಿ, ಕೆಂಪು ಕಾಯಿಗಳು. ಮಕ್ಕಳು ನೆಲಕ್ಕೆ ಕೂತು ಗುಳಿಯಿಂದ ಗುಳಿಗೆ ಒಂದೊಂದೇ ಕಾಯಿ ಬಿಡುತ್ತಾ, ಕಿತ್ತಾಡುತ್ತಾ, ಎಣಿಸಲು ಕಲಿಯುತ್ತಿದ್ದರು. ಆಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಮಾಲಾ. ಐದು ತುಂಬಿ ಆರಕ್ಕೆ ಬಿದ್ದವಳು. ಅಪ್ಪ ಯಂಕಪ್ಪ ಗೋಡೌನಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಅಮ್ಮ ಚಂದ್ರಬಾಯಿ ಕಳವಾ ಸ್ಟೇಷನ್ನಿನ ಸೇತುವೆಯ ಕೆಳಗೆ ಗೋಣಿತಾಟು ಹಾಸಿ ಲಿಂಬೆಹಣ್ಣು, ಕೊತ್ತಂಬರಿ, ಮೆಣಸಿನಕಾಯಿ ಮಾರುತ್ತಾಳೆ. ಮಾಲಾ ಕಾಯಿ ಬಿಡುವಾಗ ಒಂದೂ ತಪ್ಪುತ್ತಿರಲಿಲ್ಲ, ಬೇರೆಯವರು ತಪ್ಪಿಸಿದರೆ ಬಿಡುತ್ತಲೂ ಇರಲಿಲ್ಲ.

ಹೀಗಿರುವಾಗ ಸಂಘದವರಿಗೆ ಖೋಲಿಯ ಬಾಡಿಗೆ ಹೊರಲಾಗದೆ, ಐರೋಲಿಯಲ್ಲಿ ಆಫೀಸಿರುವ ಒಂದು ಸೇವಾ ಸಂಸ್ಥೆ ಬಾಲವಾಡಿಯನ್ನು ವಹಿಸಿಕೊಂಡಿತು. ಗೋಡೆಗೆ ಬಣ್ಣ ಬಂತು, ಫ್ಯಾನ್ ಬಂತು. ಅದಕ್ಕೆಲ್ಲ ಯಾರಾದರೂ ಬೇಡ ಅನ್ನುತ್ತಾರೆಯೇ? ಹಿಂದೆಯೇ ಟ್ಯಾಬ್‌ಗಳು ಬಂದವು. ಪ್ರತಿ ಮಗುವಿಗೂ ಒಂದು, ಜೊತೆಗೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್. ಇನ್ನು ಮುಂದೆ ಲೆಕ್ಕ ಕಲಿಸುವುದು ಟ್ಯಾಬಿನೊಳಗಿನ ಆಟ. ಟೀಚರ್ ಮಧ್ಯೆ ಬಾಯಿ ಹಾಕಬಾರದು, ಪಕ್ಕದಲ್ಲಿ ಕೂರಬಾರದು. ಕೂತರೆ ಮಗುವಿನ ನಿಜವಾದ ಮಟ್ಟ ತಿಳಿಯುವುದಿಲ್ಲವಂತೆ. ಚೆನ್ನೆಮಣೆಯ ಕಾಯಿ ಮಕ್ಕಳು ನುಂಗಿಬಿಟ್ಟರೆ ಕಷ್ಟ, ಅದು ಕಪಾಟಿನೊಳಗೆ ಇರಲಿ ಎಂದರು. ಮಕ್ಕಳು ಒಂದು ಕಾಯನ್ನೂ ನುಂಗಿರಲಿಲ್ಲ. ನಳಿನಾಕ್ಷಿಯೇ ಆ ಮಾತನ್ನು ನುಂಗಿಕೊಂಡಳು.

ಸಂಸ್ಥೆಯ ಕಡೆಯಿಂದ ಬಂದವಳು ರಮಿತಾ. ಐರೋಲಿಯಲ್ಲೇ ಹುಟ್ಟಿ ಬೆಳೆದ ತುಳುವರ ಹುಡುಗಿ, ಈಗ ದೊಡ್ಡವಳಾಗಿರುವ ಮಗಳು ತನ್ವಿಯ ವಯಸ್ಸು. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಅರ್ಧ ಹಿಂದಿ. ಕೆಟ್ಟವಳಲ್ಲ. ಬರುವಾಗ ಮಕ್ಕಳಿಗೆ ಬಿಸ್ಕಿಟ್ ತರುತ್ತಿದ್ದಳು, ಅವರು ಎಷ್ಟು ಕಾಡಿದರೂ ನಗುತ್ತಿದ್ದಳು. ಆದರೆ ಅವಳು "ಆಂಟಿ, ಆಪ್ ಟೆನ್ಶನ್ ಮತ್ ಲೋ," ಎಂದು ಹೆಗಲು ತಟ್ಟಿದಾಗಲೆಲ್ಲ ನಳಿನಾಕ್ಷಿಗೆ ಎಲ್ಲಿಲ್ಲದ ಟೆನ್ಶನ್ ಬರುತ್ತಿತ್ತು.

ಆಟದಲ್ಲೊಂದು ಮಂಗ. ಅದು ಜೇನು ಸುರಿಸಿದ ಕನ್ನಡದಲ್ಲಿ, "ಪುಟಾಣಿ, ನನಗೆ ಐದು ಮಾವಿನಹಣ್ಣು ಕೊಡುವೆಯಾ?" ಎಂದು ಬುಟ್ಟಿ ಮುಂದಿಡುತ್ತದೆ. ಮಗು ಬೆರಳಿನಿಂದ ಹಣ್ಣುಗಳನ್ನು ಒಂದೊಂದಾಗಿ ಎಳೆದು ಬುಟ್ಟಿಗೆ ಹಾಕಿ, ಪಕ್ಕದಲ್ಲಿರುವ ಗಂಟೆಯನ್ನು ಒತ್ತಬೇಕು. ಸರಿಯಿದ್ದರೆ ಮಂಗ ಲಾಗ ಹಾಕುತ್ತದೆ. ತಪ್ಪಿದ್ದರೆ ಬುಟ್ಟಿ ಬೋರಲು ಹಾಕಿ ಅಳುತ್ತದೆ. ದಿನದ ಕೊನೆಗೆ ರಮಿತಾಳ ಫೋನಿಗೆ ಬರುವುದು ಬಣ್ಣ ಮಾತ್ರ: ಹಸಿರು, ಹಳದಿ, ಕೆಂಪು. ವರ್ಷದ ಕೊನೆಗೆ ಇದೇ ಆಟದ ಪರೀಕ್ಷೆಯಲ್ಲಿ ಹಸಿರು ಬಂದ ಮಕ್ಕಳಿಗೆ ಜೂನಿನಲ್ಲಿ ಸಂಸ್ಥೆಯದೇ ಶಾಲೆಯಲ್ಲಿ ಒಂದನೇ ಕ್ಲಾಸಿನ ಸೀಟು.

ಮಾಲಾಳ ಬಣ್ಣ ಕೆಂಪು. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾಲೂ ಕೆಂಪು.

ನಳಿನಾಕ್ಷಿ ನಂಬಲಿಲ್ಲ. ಅವಳನ್ನು ಕರೆದು ಗೋಡೆಯ ಚಿತ್ರದಲ್ಲಿದ್ದ ಹಕ್ಕಿಗಳನ್ನು ಎಣಿಸಲು ಹೇಳಿದಳು. ಎಣಿಸಿದಳು. ಬೆರಳು ಎಣಿಸಿದಳು, ಮೆಟ್ಟಿಲು ಎಣಿಸಿದಳು. ಎಲ್ಲ ಸರಿ. ಮಾರನೆಯ ದಿನ ಟ್ಯಾಬಿನಲ್ಲಿ ಮತ್ತೆ ಕೆಂಪು.

"ಯಂತ್ರ ಹಾಳಾಗಿರಬೇಕು," ಎಂದಳು ರಮಿತಾಳಿಗೆ.

"ಬಾಕಿ ಮಕ್ಕಳಿಗೆ ಸರಿ ಬರ್ತದಲ್ಲ ಆಂಟಿ? ಕೆಲವು ಬಚ್ಚೇ ಸ್ವಲ್ಪ ಸ್ಲೋ ಇರ್ತಾರೆ. ಅದರಲ್ಲಿ ಬೇಜಾರು ಮಾಡೋದು ಎಂತ ಇಲ್ಲ."

ಸ್ಲೋ! ನಳಿನಾಕ್ಷಿಗೆ ಮೈಯೆಲ್ಲ ಉರಿಯಿತು. ಎಂತಹ ಸೊಕ್ಕು ಈ ಮಂಗನಿಗೆ! ಕಣ್ಣಿಲ್ಲ, ಕಿವಿಯಿಲ್ಲ, ಎದುರಿಗೆ ಕೂತ ಮಗುವಿನ ಮುಖ ಗೊತ್ತಿಲ್ಲ, ಆದರೂ ಸ್ಲೋ ಎಂದು ತೀರ್ಪು ಕೊಟ್ಟುಬಿಡುತ್ತದೆ. ಆ ದಿನ ಮನೆಗೆ ಬಂದು ಕಾಯಿ ತುರಿಯುವಾಗ ತೆಂಗಿನ ಗಡಿ ಎರಡು ಹೋಳಾಗುವಂತೆ ಒತ್ತಿದಳು. ದೇಜಪ್ಪ ಏನೂ ಕೇಳದೆ ಚಟ್ನಿಯಿಲ್ಲದೆ ದೋಸೆ ತಿಂದ.

ಕೋಪಕ್ಕಿಂತ ಹೆಚ್ಚಿನದು ಬೇರೆ ಇತ್ತು. ಮಾಲಾಳನ್ನು ಊರಿಗೆ ಕಳಿಸುವ ಮಾತು ನಡೆದಿತ್ತು. ಮಳೆಗಾಲ ಮುಗಿದ ಹೊಸತರಲ್ಲಿ ಮುನಿಸಿಪಾಲ್ಟಿ ಗಾಡಿ ಬಂತೆಂದು ಚಂದ್ರಬಾಯಿ ಗೋಣಿತಾಟು ಬಾಚಿಕೊಂಡು ಓಡುವಾಗ, ಹಿಂದೆ ಓಡಿದ ಮಾಲಾ ರಿಕ್ಷಾದಡಿ ಸಿಗುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದಳು. ಅಂದೇ ಯಂಕಪ್ಪ ತೀರ್ಮಾನಿಸಿದ್ದ. ಸಂಸ್ಥೆಯ ಶಾಲೆ ಸಂಜೆಯ ತನಕ ಮಕ್ಕಳನ್ನು ಇಟ್ಟುಕೊಳ್ಳುತ್ತದೆ, ಹತ್ತಿರದಲ್ಲಿ ಅಂಥದ್ದು ಇನ್ನೊಂದಿಲ್ಲ. ಅಲ್ಲಿ ಸೀಟು ಸಿಕ್ಕಿದರೆ ಹುಡುಗಿ ಇಲ್ಲಿ ತಾಯಿಯ ಹತ್ತಿರ. ಸಿಗದಿದ್ದರೆ ಸಿಂದಗಿಯ ಆಚೆಯ ಹಳ್ಳಿಯಲ್ಲಿ ಅಜ್ಜಿ ಭೀಮಮ್ಮನ ಹತ್ತಿರ.

"ಅಜ್ಜಿಗಿ ಕಣ್ಣ ಕಾಣಂಗಿಲ್ರಿ ಅಕ್ಕೋರ," ಎಂದು ಚಂದ್ರಬಾಯಿ ಹೇಳಿದ್ದಳು. "ಇಕಿ ಅಕಿನ್ನ ನೋಡ್ಕೋಬೇಕೋ, ಅಕಿ ಇಕಿನ್ನ ನೋಡ್ಕೋಬೇಕೋ? ನನ್ನ ಕೂಸ ನನ್ನ ಬಿಟ್ಟು ಹೋದ್ರ ನಾ ಇಲ್ಲಿ ಹ್ಯಾಂಗ ಇರ್ಲಿ, ನೀವ ಹೇಳ್ರಿ."

ಕೊನೆಯ ಪರೀಕ್ಷೆ ಹತ್ತಿರ ಬಂತು. ಮಾಲಾ ಇನ್ನೂ ಕೆಂಪಿನಲ್ಲೇ ಇದ್ದಳು. ಇದನ್ನು ತಾಯಿಗೆ ಹೇಳದೆ ಗತಿಯಿಲ್ಲವೆಂದು ನಳಿನಾಕ್ಷಿ ಒಂದು ಸಂಜೆ ಸೇತುವೆಯ ಕೆಳಗೆ ಹೋದಳು. ಹೇಗೆ ಮಾತು ತೆಗೆಯುವುದೆಂದು ತಿಳಿಯದೆ, "ಐದು ಲಿಂಬೆಹಣ್ಣು ಕೊಡಿ," ಎಂದಳು. ಚಂದ್ರಬಾಯಿ ಇನ್ನೊಬ್ಬಳಿಗೆ ಮೆಣಸಿನಕಾಯಿ ತೂಗುತ್ತಿದ್ದಳು. ಲಿಂಬೆಹಣ್ಣಿನ ರಾಶಿ ಮಾಲಾಳ ವಶದಲ್ಲಿತ್ತು.

"ಒಂದ, ಎರಡ, ಮೂರ, ನಾಕ, ಐದ," ಎಂದು ಅವಳು ಒಂದೊಂದೇ ಹಣ್ಣನ್ನು ಟೀಚರ ಚೀಲಕ್ಕೆ ಹಾಕಿದಳು. ಆಮೇಲೆ ರಾಶಿಯ ಬದಿಯಿಂದ ಒಂದು ಚಿಕ್ಕ ಹಣ್ಣನ್ನು ಆರಿಸಿ ಅದನ್ನೂ ಹಾಕಿದಳು.

"ಇದೆಂತ?" ಎಂದಳು ನಳಿನಾಕ್ಷಿ.

"ಕೊಸರರೀ ಟೀಚರ್," ಎಂದಳು ಮಾಲಾ, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ. "ಕೊಸರ ಹಾಕಲಿಲ್ಲಂದ್ರ ಮಂದಿ ತಿರುಗಿ ಬರಂಗಿಲ್ಲ. ಅವ್ವ ಹೇಳ್ಯಾಳ."

ನಳಿನಾಕ್ಷಿ ಚೀಲ ಹಿಡಿದು ಹಾಗೆಯೇ ನಿಂತಳು. ಎಣಿಸಿ ಕೊಟ್ಟದ್ದರ ಮೇಲೆ ವಿಶ್ವಾಸಕ್ಕೆ ಒಂದು. ಊರಿನಲ್ಲಿ ಮೀನಿನವಳಿಂದ ಹಿಡಿದು ಮಲ್ಲಿಗೆಯವಳ ತನಕ ಯಾರು ಹಾಕುವುದಿಲ್ಲ? ಹಾಕದಿದ್ದರೆ ಅವಳೇ ಜಗಳ ಮಾಡಿ ಹಾಕಿಸಿಕೊಂಡವಳು. ಗೋಡೆಯ ಹಕ್ಕಿಯನ್ನು ಬರೀ ಎಣಿಸಬೇಕು, ಅಲ್ಲಿ ಕೊಸರಿಲ್ಲ. ಮಂಗ ಮಾತ್ರ 'ಕೊಡು' ಎಂದು ಕೇಳುತ್ತದೆ. ಕೇಳಿದವರಿಗೆ ಮಾಲಾ ಕೊಡುತ್ತಾಳೆ, ಮೇಲೊಂದು ಹಾಕುತ್ತಾಳೆ, ಗಂಟೆ ಒತ್ತುತ್ತಾಳೆ. ಆ ದರಿದ್ರ ಮಂಗ ಬುಟ್ಟಿ ಬೋರಲು ಹಾಕಿ ಅಳುತ್ತದೆ.

ಮಾರನೆಯ ದಿನ ನಿಯಮಗಿಯಮ ಎಲ್ಲ ಮೂಲೆಗಿಟ್ಟು ಮಾಲಾಳ ಪಕ್ಕದಲ್ಲೇ ಕೂತು ನೋಡಿದಳು. ಮೂರು ಕೇಳಿದಾಗ ನಾಲ್ಕು. ಐದಕ್ಕೆ ಆರು. ಏಳಕ್ಕೆ ಎಂಟು. ಒಂದೇ ಒಂದು ಸಲ ತಪ್ಪಿಲ್ಲ. ಮೂರು ಸಲವೂ ಮಂಗ ಅತ್ತಾಗ ಹುಡುಗಿ ಪಾಪ, "ಕಡಿಮಿ ಆತೇನೋ," ಎಂದು ಮುಂದಿನ ಸಲ ಎರಡು ಕೊಸರು ಹಾಕಿದಳು.

ಅಂದೇ ಮಧ್ಯಾಹ್ನ ನಳಿನಾಕ್ಷಿ ಠಾಣೆಯಿಂದ ಐರೋಲಿಯ ಟ್ರೇನು ಹತ್ತಿದಳು. ಬಾಗಿಲಿಗೆ ಅಡ್ಡ ನಿಂತವರು ಅವಳ ಮುಖ ನೋಡಿ ತಾವಾಗಿ ಸರಿದರು. ಗಾಜಿನ ಕಟ್ಟಡ, ಎಸಿ, ಗೋಡೆಯ ತುಂಬ ನಗುವ ಮಕ್ಕಳ ಫೋಟೋ. ರಮಿತಾ ನೀರು ಕೊಟ್ಟಳು, ಚಹಾ ತರಿಸಿದಳು, ಪೂರ್ತಿ ಕೇಳಿದಳು. ಕೇಳಿ ಕೈಯನ್ನು ಎದೆಗೆ ಒತ್ತಿಕೊಂಡಳು.

"ಓ ಮೈ ಗಾಡ್ ಆಂಟಿ, ಕಿತ್ನಾ ಸ್ವೀಟ್! ಇದನ್ನು ನಾನು ಮುಂದಿನ ಮೀಟಿಂಗ್‌ನಲ್ಲಿ ಹೇಳ್ತೇನೆ."

"ಮೀಟಿಂಗ್ ಆಮೇಲೆ ಮಾಡುವಾ. ಮೊದಲು ಆ ಕೆಂಪು ತೆಗೀರಿ."

"ಅದು ನನ್ನ ಕೈಯಲ್ಲಿ ಇಲ್ಲ. ಆ್ಯಪ್ ಎಲ್ಲಾ ಸೆಂಟರ್‌ಗೂ ಒಂದೇ. ಬೆಂಗಳೂರಲ್ಲಿ ಮಾಡೋದು."

"ಹಾಗಾದ್ರೆ ನೀವೇ ಬರೆದುಕೊಡಿ. ಈ ಮಗುವಿಗೆ ಲೆಕ್ಕ ಬರ್ತದೆ, ಎಲ್ಲರಿಗಿಂತ ಚೆನ್ನಾಗಿ ಬರ್ತದೆ ಅಂತ."

"ಸೀಟ್ ಕಲರ್ ಮೇಲೆ ಹೋಗ್ತದೆ ಆಂಟಿ. ನಾನು ಬರೆದರೆ ನಾಳೆ ಎಲ್ಲಾ ಟೀಚರ್ ಬಂದು ನಮಗೂ ಬರೆದುಕೊಡಿ ಅಂತಾರೆ." ರಮಿತಾ ಚಹಾದ ಕಪ್ಪನ್ನು ಅವಳ ಕಡೆ ಸರಿಸಿದಳು. "ಆಪ್ ಹೀ ಬೋಲೋ. ಸ್ಕೂಲಲ್ಲಿ ಪರೀಕ್ಷೆಯಲ್ಲಿ ಐದು ಅಂತ ಇರೋ ಕಡೆ ಆರು ಬರೆದರೆ ಕೊಸರು ಅಂತ ಮಾರ್ಕ್ ಕೊಡ್ತಾರಾ? ಒಂದು ಮಾವು ಕಡಿಮೆ ಹಾಕು ಅಂತ ಕಲಿಸಿ. ಅಷ್ಟೇ. ಇಟ್ಸ್ ಸೋ ಸಿಂಪಲ್."

ನಳಿನಾಕ್ಷಿ ಎದ್ದು ನಿಂತಳು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ನಿಮ್ಮ ಮಂಗನಿಗೆ ತೆಗೆದುಕೊಳ್ಳುವುದಕ್ಕೂ ಯೋಗ್ಯತೆ ಇಲ್ಲ ಎಂದಳು. ಕೊಟ್ಟದ್ದನ್ನು ಬೋರಲು ಹಾಕಿ ಅಳುವುದನ್ನು ಮಕ್ಕಳಿಗೆ ಕಲಿಸುತ್ತೀರಿ, ನಾಚಿಕೆಯಾಗುವುದಿಲ್ಲವಾ ಎಂದಳು. ಇಡೀ ಆಫೀಸು ತಿರುಗಿ ನೋಡಿತು. ರಮಿತಾಳ ಕಣ್ಣಲ್ಲಿ ನೀರು ಬಂತು. ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬುದು ಟ್ರೇನಿನಲ್ಲಿ ಕೂತ ಮೇಲೆ ನಳಿನಾಕ್ಷಿಗೆ ಹೊಳೆಯಿತು. ಅದಕ್ಕೆ ಇನ್ನೂ ಹೆಚ್ಚು ಕೋಪ ಬಂತು.

ದೇಜಪ್ಪ ಅಂದು ನಗಲಿಲ್ಲ. "ನೀನು ಹೇಳಿದ್ದು ಸರಿಯೇ ಮಾರಾಯ್ತಿ," ಎಂದ. "ಆದರೆ ನೀನು ಸರಿ ಅಂತ ಆದರೆ ಆ ಮಗು ಊರಿಗೆ ಹೋಗುವುದು ನಿಲ್ಲುತ್ತದಾ?"

ಇಲ್ಲ. ಅದೊಂದೇ ಪ್ರಶ್ನೆ, ಅದಕ್ಕೊಂದೇ ಉತ್ತರ.

ಪರೀಕ್ಷೆಯ ಹಿಂದಿನ ದಿನ ಉಳಿದ ಮಕ್ಕಳನ್ನು ಮನೆಗೆ ಕಳಿಸಿ ಮಾಲಾಳನ್ನು ಕೂರಿಸಿಕೊಂಡಳು. "ನೋಡು ಮಗಾ, ಮಂಗನಿಗೆ ಕೊಸರು ಬೇಡ. ಕೇಳಿದಷ್ಟೇ ಕೊಡಬೇಕು."

"ಯಾಕ್ರಿ ಟೀಚರ್?"

"ಬೇಡ ಅಂದರೆ ಬೇಡ."

"ತಿರುಗಿ ಬರಂಗಿಲ್ರಿ ಅದು."

"ಬರ್ತದೆ. ಅದು ಓಡಿಸಿದರೂ ಹೋಗುವುದಿಲ್ಲ."

ಮಾಲಾ ತಲೆಯಾಡಿಸಿದಳು. ಐದು ಹಾಕಿದಳು. ಕೈ ತನ್ನಷ್ಟಕ್ಕೆ ಆರನೆಯದಕ್ಕೆ ಹೋಯಿತು. ಮಂಗ ಅತ್ತಿತು. ನಳಿನಾಕ್ಷಿ ಮತ್ತೆ ಹೇಳಿದಳು, ಅವಳು ಮತ್ತೆ ಹಾಕಿದಳು, ಮಂಗ ಮತ್ತೆ ಅತ್ತಿತು. ಹುಡುಗಿಗೆ ತಿಳಿಯಲಿಲ್ಲವೆಂದಲ್ಲ, ಕೈಗೆ ರೂಢಿಯಾಗಿಬಿಟ್ಟಿತ್ತು. ಗಂಟೆ ಒತ್ತುವ ಮೊದಲು ಒಂದು ಹಾಕದಿದ್ದರೆ ಅವಳಿಗೇ ಏನೋ ಬಾಕಿ ಉಳಿದ ಹಾಗೆ ಆಗುತ್ತಿತ್ತು. ಹೊರಗೆ ಕತ್ತಲಾಗತೊಡಗಿತು. ನಾಳೆ ಪರೀಕ್ಷೆ. ನಾಡಿದ್ದು ಯಂಕಪ್ಪ ಸೋಲಾಪುರದ ಗಾಡಿಗೆ ಟಿಕೆಟ್ ತೆಗೆಯುತ್ತಾನೆ. ರಮಿತಾಳ ಮೇಲಿದ್ದದ್ದು, ಬೆಂಗಳೂರಿನ ಮೇಲಿದ್ದದ್ದು, ಮಂಗನ ಮೇಲಿದ್ದದ್ದು ಎಲ್ಲ ಕೋಪ ಒಟ್ಟಾಗಿ ಮೇಲೆ ಬಂತು. ಮಾಲಾಳ ಬೆರಳು ಮತ್ತೆ ಆರನೆಯ ಹಣ್ಣಿನ ಮೇಲೆ ಹೋದದ್ದೇ ತಡ, ನಳಿನಾಕ್ಷಿ ಆ ಪುಟ್ಟ ಕೈಯ ಮೇಲೆ ಫಟ್ಟನೆ ಹೊಡೆದಳು.

ಮಾಲಾ ಅಳಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಟೀಚರ ಮುಖವನ್ನೇ ನೋಡಿದಳು. ಆಮೇಲೆ ಇನ್ನೊಂದು ಕೈಯಿಂದ ಗಂಟೆ ಒತ್ತಿದಳು. ಮಂಗ ಲಾಗ ಹಾಕಿತು.

ಅದಾದ ಮೇಲೆ ಅವಳು ಒಮ್ಮೆಯೂ ಕೊಸರು ಹಾಕಲಿಲ್ಲ. ಪರೀಕ್ಷೆಯಲ್ಲಿ ಪೂರ್ತಿ ಹಸಿರು ಬಂತು. ರಮಿತಾ ತಾನೇ ಫೋನ್ ಮಾಡಿ, "ದೇಖಾ ಆಂಟಿ?" ಎಂದಳು. ನಳಿನಾಕ್ಷಿ ಹ್ಞೂಂ ಎಂದು ಇಟ್ಟುಬಿಟ್ಟಳು. ಯಂಕಪ್ಪ ಪೇಡೆಯ ಪೊಟ್ಟಣ ತಂದು, ಬೇಡಬೇಡವೆಂದರೂ ಕಾಲು ಮುಟ್ಟಿ ಹೋದ. ಆ ಪೇಡೆಯನ್ನು ದೇಜಪ್ಪನೊಬ್ಬನೇ ತಿಂದ.

ಜೂನಿನಲ್ಲಿ ಮಾಲಾ ನೀಲಿ ಯೂನಿಫಾರ್ಮ್ ತೊಟ್ಟು ಶಾಲೆಯ ಬಸ್ಸು ಹತ್ತಿದಳು. ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ನಳಿನಾಕ್ಷಿ ಸೇತುವೆಯ ಕೆಳಗೆ ಹೋದಳು. ಚಂದ್ರಬಾಯಿ ಮೇಲೆ ಪ್ಲಾಸ್ಟಿಕ್ ಕಟ್ಟಿಕೊಂಡು ಕೂತಿದ್ದಳು, ಪಕ್ಕದಲ್ಲಿ ಮಾಲಾ.

"ಬರ್ರಿ ಅಕ್ಕೋರ, ಬರ್ರಿ! ಮಾಲಾ, ಅಕ್ಕೋರಿಗಿ ಐದ ಲಿಂಬಿಹಣ್ಣ ಹಾಕ. ದೊಡ್ಡು ನೋಡಿ ಹಾಕ."

ಮಾಲಾ ಎಣಿಸಿದಳು. ಐದು ಹಾಕಿದಳು. ಚೀಲದ ಬಾಯಿ ಮಡಿಸಿ ಕೊಟ್ಟಳು.

"ಕೊಸರ ಹಾಕವಾ."

"ಐದಂದ್ರ ಐದ," ಎಂದಳು ಮಾಲಾ.

ಚಂದ್ರಬಾಯಿ ನಕ್ಕಳು. "ಸಾಲಿಗಿ ಹೋಗಿ ಭಾಳ ಶಾಣ್ಯಾ ಆಗ್ಯಾಳ್ರಿ. ಯಾರಿಗೂ ಹಾಕಂಗಿಲ್ಲ ಈಗ. ನಾ ಹಾಕಿದ್ರ ಕೈ ಹಾಕಿ ತಗದ ಇಡ್ತಾಳ. ನಿನ್ನೆ ಒಬ್ಬಾಕಿ ಇದ್ಕಽ ಜಗಳಾ ಮಾಡಿ ಎಲ್ಲಾ ವಾಪಸ್ ಕೊಟ್ಟ ಹೋದ್ಲ ನೋಡ್ರಿ." ಹೆಮ್ಮೆಯೂ ಇತ್ತು, ಆ ನಗುವಿನ ಅಡಿಯಲ್ಲಿ ಚಿಂತೆಯೂ ಇತ್ತು. ಅವಳು ತಾನೇ ಒಂದು ಹಣ್ಣನ್ನು ಚೀಲಕ್ಕೆ ಹಾಕಿದಳು. ಮಾಲಾ ಕೂಡಲೇ ಅದನ್ನು ತೆಗೆದು ರಾಶಿಗೆ ಹಾಕಿದಳು.

ನಳಿನಾಕ್ಷಿ ಕೆಸರೆಂದೂ ನೋಡದೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತಳು. ಬಲಗೈಯನ್ನು ಮುಂದೆ ಚಾಚಿದಳು. "ನನಗೆ ಕೊಸರು ಬೇಕು ಮಾಲಾ. ನಾನೇ ಕೇಳ್ತಾ ಇದ್ದೇನೆ. ಹಾಕು ಮಗಾ."

ಮಾಲಾ ಆ ಕೈಯನ್ನು ನೋಡಿದಳು. ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಹಾಕು ಅಂದೆ ಅಲ್ವಾ!" ನಳಿನಾಕ್ಷಿಯ ದನಿ ತಾನಾಗಿ ಏರಿತು. "ಒಂದು ಹಾಕು! ಎಂತ ಆಗ್ತದೆ ಒಂದು ಹಾಕಿದರೆ?" ಮೆಟ್ಟಿಲು ಇಳಿಯುತ್ತಿದ್ದವರು ನಿಂತು ನೋಡಿದರು.

"ಇರ್ಲಿ ಬಿಡ್ರಿ ಅಕ್ಕೋರ," ಎಂದಳು ಚಂದ್ರಬಾಯಿ ಗಾಬರಿಯಾಗಿ. "ಒಂದ ಲಿಂಬಿಹಣ್ಣಿಗಿ ಇಷ್ಟ ಸಿಟ್ಟ ಯಾಕ್ರಿ? ಯಾರ ಮ್ಯಾಲಿಂದ ಇದು?"

ಯಾರ ಮೇಲಿನದು ಎಂದು ಹೇಳಲು ನಳಿನಾಕ್ಷಿ ಬಾಯಿ ತೆರೆದಳು. ಎಲ್ಲರ ಹೆಸರೂ ನಾಲಗೆಯ ತುದಿಯಲ್ಲಿತ್ತು. ಚಾಚಿದ ತನ್ನದೇ ಕೈ ಕಣ್ಣೆದುರು ಇತ್ತು. ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

ಮಾಲಾ ಅವಳನ್ನೇ ನೋಡುತ್ತಿದ್ದಳು. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಮುಖದಲ್ಲಿ ಸಣ್ಣಗೆ ಒಂದು ನಗು ಮೂಡಿತು, ಮೋಸದ ಪ್ರಶ್ನೆಯನ್ನು ಸರಿಯಾಗಿ ಹಿಡಿದೆ ಎನ್ನುವ ನಗು.

"ನಾ ಹಾಕ್ಲಿಲ್ಲ, ನೋಡ್ರಿ ಟೀಚರ್," ಎಂದಳು. "ಹಸರ ಬಂತೇನ್ರಿ?"

"ಬಂತು," ಎಂದಳು ನಳಿನಾಕ್ಷಿ.